ಹಿಂದಕ್ಕೆ ನಡೆದ ಮೂವರು ಅರಸರು

ಜೈಫೆನ್, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು

ಅಕ್ಕಾ,

ನನ್ನ ಮಾವ ಮೈನ್‌ಹಾರ್ಟರ ಮರದ ಕ್ರಿಸ್ಮಸ್ ಗೋಪುರ ಇಂದು ಪೆಟ್ಟಿಗೆಯಿಂದ ಹೊರಬಂತು. ಕೆಳಗೆ ಮೇಣದ ಬತ್ತಿ ಹಚ್ಚಿದರೆ ಬಿಸಿಗಾಳಿಗೆ ನೆತ್ತಿಯ ರೆಕ್ಕೆಗಳು ತಿರುಗಿ, ಗೊಂಬೆಗಳೆಲ್ಲ ಸುತ್ತುತ್ತವೆ. ರೆಕ್ಕೆಗಳನ್ನು ಓರೆಯಾಗಿ ಸಿಕ್ಕಿಸುವ ಹಕ್ಕು ಮಾವನೊಬ್ಬರದೇ. ಬೇರೆಯವರು ಮುಟ್ಟಿದರೆ ಮೈಲಿಗೆ!

ಆ ಮಹಾಶಯರು ಈ ಸಲ ಅಷ್ಟನ್ನೂ ಉಲ್ಟಾ ಸಿಕ್ಕಿಸಿದ್ದಾರೆ. ಬತ್ತಿ ಹಚ್ಚಿದ್ದೇ ತಡ, ಬಾಲಯೇಸುವನ್ನು ನೋಡಲು ಹೊರಟ ಮೂವರು ಅರಸರು, ಕಾಣಿಕೆ ಕೊಡಲು ಮನಸ್ಸಾಗದವರಂತೆ, ಹಿಂದಹಿಂದಕ್ಕೆ ನಡೆದರು. ಇನ್ನೊಂದು ಅಂತಸ್ತಿನ ಗಣಿ ಕೆಲಸಗಾರರ ಗೊಂಬೆಗಳಿಗೂ ಅದೇ ಗತಿ. ಅತ್ತೆ ಕೆಮ್ಮಿದರು, ನನ್ನ ಗಂಡ ಚಾವಣಿ ನೋಡಿದ. ಈ ಮನೆಗೆ ಬಂದಾಗಿನಿಂದ ನಾನು ಕಾಯುತ್ತಿದ್ದ ಹಬ್ಬ ಇದೇ ತಾನೆ? ನಾಲಿಗೆ ಮಸೆದುಕೊಂಡು ಬಾಯಿ ತೆರೆದೆ.

ಅಷ್ಟರಲ್ಲಿ ಮಾವ ಗೊಂಬೆಗಳಿಗೆ ಮೂಗು ತಾಗುವಷ್ಟು ಬಗ್ಗಿ, "ಎಷ್ಟು ನಯವಾಗಿ ತಿರುಗ್ತಿದೆ! ಒಂಚೂರೂ ಸದ್ದಿಲ್ಲ," ಎಂದರು. ಆಮೇಲೆ ನನಗಷ್ಟೇ ಕೇಳುವಂತೆ, "ಮುಂದಕ್ಕೇ ಹೋಗ್ತಿದ್ದಾರೆ ತಾನೇ ಅಮ್ಮ?"

"ಮುಂದಕ್ಕೇ ಮಾವ," ಎಂದೆ.

ನನ್ನ ನೆಗಡಿ ವಾಸಿಯಾಗಿದೆ. ನಿನಗೆ ಗೊತ್ತಿರುವ ಆ ಕಣ್ಣಿನ ಡಾಕ್ಟರ ವಿಳಾಸ ಬೇಗ ಕಳಿಸು. ಯಾರಿಗೆ ಅಂತ ಮನೆಗೆ ಫೋನ್ ಮಾಡಿ ಕೇಳಬೇಡ.

ವೀಬ್ಕೆ