ಓಡುವ ಎಂಜಿನ್ನಿನ ಬ್ಯಾಟರಿ

ಮಾವನಿಗೆ ನಮಸ್ಕಾರ. ಕಾರವಾರದಲ್ಲಿ ಹುಷಾರಾಗಿದ್ದೇನೆ, ಉಪ್ಪುಗಾಳಿಗೆ ತುಟಿ ಒಡೆದಿದೆ ಅಷ್ಟೆ. ನಿಮ್ಮ ತೋಟದ ಧಣಿ ನೈಜಲ್ ಸಾಹೇಬರ ಹಾಯಿದೋಣಿಯಲ್ಲಿ ಗಾಳಿ ನಿಂತಾಗ ಓಡಿಸಲು ಎಂಜಿನ್ನೂ ಇದೆ. ನಿನ್ನೆ ಅದನ್ನು ಸ್ಟಾರ್ಟ್ ಮಾಡಿದೆ. ತೋಟದಲ್ಲಿ ನೀವು ಒಂದೇ ಬ್ಯಾಟರಿಯಿಂದ ಎರಡು ಹಳೇ ಜೀಪು ಸ್ಟಾರ್ಟ್ ಮಾಡುತ್ತೀರಲ್ಲ, ಹಾಗೇ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿ ಪಕ್ಕದ ದೋಣಿಗೆ ಕೊಟ್ಟೆ. ಆಲ್ಟರ್ನೇಟರ್ ಸುಟ್ಟುಹೋಯಿತು. ಈಗ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಗಾಳಿಯೂ ಇಲ್ಲ, ದೋಣಿ ದಡದಲ್ಲೇ ನಿಂತಿದೆ.

“ಓಡೋ ಎಂಜಿನ್ನಿಂದ ಬ್ಯಾಟ್ರಿ ಕಿತ್ಬುಟ್ಯಲ್ಲೋ ಮಾರಾಯ! ಯಾರೋ ನಿಂಗೆ ಹೇಳ್ಕೊಟ್ಟಿದ್ದು?” ಎಂದರು ಸಾಹೇಬರು.

ದಡದಲ್ಲಿದ್ದವರೆಲ್ಲ ನಗುತ್ತಿದ್ದರು. ನಾಚಿಕೆಯಲ್ಲಿ ನಿಮ್ಮ ಹೆಸರು ಹೇಳಿಬಿಟ್ಟೆ. ಕ್ರಿಸ್ಮಸ್ಸಿಗೆ ಅವರು ಹಾನುಬಾಳಿನ ತೋಟಕ್ಕೆ ಬರುತ್ತಾರೆ. ಬೈದರೆ ನೀವು ತಲೆ ತಗ್ಗಿಸಬೇಡಿ ಮಾವ. ನೀವು ಹೇಳಿಕೊಟ್ಟಿದ್ದು ಆಲ್ಟರ್ನೇಟರ್ ಇಲ್ಲದ ಹಳೇ ಜೀಪಿಗೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಧರ್ಮೇಶ