ಹೊಸ್ಪೆಸ್ ಎಂಬ ಪದ

ನಜ್ಮಾ, ದೋಹಾ
ಶುಕ್ರವಾರ

ಪ್ರೀತಿಯ ಫಾದರ್ ಹಿಲರಿಯವರಿಗೆ ವಂದನೆಗಳು.

ನಾನು ಸೆಮಿನರಿ ಬಿಟ್ಟ ದಿನ ನೀವು ಕೊಟ್ಟ ಲ್ಯಾಟಿನ್ ಕವಿಯ ಪುಸ್ತಕವನ್ನು ಕೊನೆಗೂ ಕನ್ನಡಕ್ಕೆ ತಂದು ಮುಗಿಸಿದೆ. ಐನೂರು ವರ್ಷಗಳ ಹಿಂದೆ ಊರು ಬಿಟ್ಟು ಪರರ ಮನೆಗಳಲ್ಲೇ ಬಾಳಿದ ಆ ಕವಿ, ಕೊನೆಯ ಪದ್ಯದಲ್ಲಿ ತನ್ನನ್ನು 'ಹೊಸ್ಪೆಸ್' ಎಂದು ಕರೆದುಕೊಳ್ಳುತ್ತಾನೆ. ತರಗತಿಯಲ್ಲಿ ನಾನು 'ಅತಿಥಿ' ಎಂದು ಬರೆದಾಗ ನೀವು ಕೆಂಪು ಗೆರೆ ಎಳೆದು, "ಆತಿಥೇಯನೂ ಹೌದು ಮಾರಾಯ, ಎರಡಕ್ಕೂ ಒಂದೇ ಪದ" ಎಂದಿದ್ದಿರಿ. ಅದು ಭಾಷೆಯ ಬಡತನ ಎಂದು ನಾನು ವಾದಿಸಿದ್ದೆ.

ಹನ್ನೊಂದು ವರ್ಷಗಳ ಹಿಂದೆ ನನಗೆ ತಮ್ಮ ರೂಮಿನಲ್ಲಿ ಜಾಗ ಕೊಟ್ಟ ಟೈಲರ್ ಮೂಸಬ್ಬ, ಕೆಲಸ ಬಿಟ್ಟು ಇಂದು ಸಂಜೆ ಊರಿಗೆ ಹೊರಟಿದ್ದಾರೆ. ಬೀಗದ ಕೈ ಕೊಟ್ಟು, "ಖಲಾಸ್, ಇನ್ನು ರೂಮು ನಿಂದೇ. ಯಾರಾದ್ರೂ ಬಂದ್ರೆ ಜಾಗ ಇಲ್ಲ ಅಂತ ಹೇಳ್ಬೇಡ" ಎಂದರು. ಇಷ್ಟು ವರ್ಷ ಬಂದವರಿಗೆಲ್ಲ ಬಡಿಸಿದವರು, ಇವತ್ತು ನಾನು ಬಡಿಸಿದಾಗ ಅದೇ ಚಾಪೆಯ ಮೇಲೆ ನೆಂಟರ ಹಾಗೆ ಸಂಕೋಚದಿಂದ ಉಂಡರು.

ಅನುವಾದದಲ್ಲಿ 'ಹೊಸ್ಪೆಸ್' ಪದವನ್ನು ಹಾಗೇ ಉಳಿಸಿದ್ದೇನೆ, ಫಾದರ್. ನಿಮ್ಮ ಕೆಂಪು ಗೆರೆಗೆ ನಾನು ಋಣಿ.

ಈ ಪತ್ರವನ್ನೂ ಹಸ್ತಪ್ರತಿಯನ್ನೂ ತರುವವರು ಮೂಸಬ್ಬ ಅವರೇ. ಬಾಗಿಲಲ್ಲೇ ಕೊಟ್ಟು ಹೊರಡಲು ನೋಡುತ್ತಾರೆ. ಊಟ ಮಾಡಿಸದೆ ಕಳಿಸಬೇಡಿ.

ನಿಮ್ಮ ಶಿಷ್ಯ,
ಸಿಪ್ರಿಯನ್