ಇಲ್ಲದ ಮಂಚವನ್ನು ಬಳಸಿ ನಡೆದ ನಾಯಿ

ನಮ್ಮತ್ತೆಗೆ,

ನಿಮಗೆ ಓದಲು ಬರುತ್ತಿರಲಿಲ್ಲ. ಕೊನೆಕೊನೆಗೆ ಕಣ್ಣೂ ಇರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಕೊಳ್ಳೇಗಾಲದ ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಈ ತಮಿಳುನಾಡಿನ ಮೇಚೇರಿಯಲ್ಲಿ ಬೇರೆ ಕೆಲಸವಾದರೂ ಏನಿದೆ? ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ. ನೀವು ಹೋದ ಮೇಲೆ ನಿಮ್ಮ ಮನೆಯೊಳಗೆ ಒಂದು ನಾಯಿ ಬಂದಿತ್ತು.

ಸಂತೆಯಲ್ಲಿ ಸಿಕ್ಕಿತು. ಮಾರಲು ತಂದ ಕುರಿಗಳ ಕಾಲಿಗೆಲ್ಲ ಡಿಕ್ಕಿ ಹೊಡೆಯುತ್ತ ಒಂದು ಕಂದು ನಾಯಿ ತಿರುಗುತ್ತಿತ್ತು. ಕುರಿಯವರು ಬಿಟ್ಟು ಹೋಗಿದ್ದರೋ, ಅದೇ ತಪ್ಪಿಸಿಕೊಂಡಿತ್ತೋ. ಯಾವನೋ ಒದ್ದ. ನನಗೆ ರೇಗಿತು, ಎತ್ತಿಕೊಂಡು ಬಂದೆ. ಸೇಲಂನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಇದಕ್ಕೆ ಬೆಳಕು ನೆರಳು ಮಾತ್ರ ತಿಳಿಯುತ್ತದೆ, ಇನ್ನು ವಾಸಿಯಾಗುವುದಿಲ್ಲ ಎಂದರು. ನೀವೂ ಹಾಗೇ ಅನ್ನುತ್ತಿದ್ದಿರಲ್ಲ, "ಬೆಳಕೊಂದ್ ಗೊತ್ತಾಯ್ತೈತೆ ಅಮ್ಮಿ, ಬ್ಯಾರೆ ಏನೂ ಇಲ್ಲ" ಅಂತ.

ನಡುಮನೆಯ ಎಡಕ್ಕೆ ನಿಮ್ಮ ಹಗ್ಗದ ಮಂಚ. ಯಾರು ದಾಟಿದರೂ ಅಲ್ಲಿಂದ ಒಂದು ಪ್ರಶ್ನೆ ಬರುತ್ತಿತ್ತು: "ಯಾರ್ಲಾ ಅದು?" ಗಂಡೋ ಹೆಣ್ಣೋ ಕಾಣದ್ದರಿಂದ ಎಲ್ಲರಿಗೂ ಅದೇ 'ಲಾ'. "ನಾನೇ ಅತ್ತೆ" ಅನ್ನುವವರೆಗೆ ನಿಮಗೆ ಸಮಾಧಾನವಿಲ್ಲ. ಆಮೇಲೆ ದಿನಾ ಅದೇ ತವರಿನ ಹಟ, "ನನ್ ಬೆಟ್ಟಕ್ ಕರ್ಕೊಂಡೋಗ್ರಪ್ಪ, ಪಾಲಮಲೆಗೆ." ನಿಮ್ಮ ಸೊಂಟಕ್ಕೂ ಆ ಜೀಪಿನ ದಾರಿಗೂ ಆಗಿಬರುತ್ತಿರಲಿಲ್ಲ. ನಾಳೆ, ನಾಡಿದ್ದು ಅನ್ನುತ್ತ ಅನ್ನುತ್ತ... ನೀವು ಹೋದಿರಿ. ಮಂಚವನ್ನು ನಿಮ್ಮ ಮಗ ಯಾರಿಗೋ ಕೊಟ್ಟರು. ಮನೆಗೆಲ್ಲ ಹೊಸ ಟೈಲ್ಸ್ ಬಂತು. ಆ ಜಾಗದಲ್ಲಿ ಏನೂ ಇಡಲು ನನಗೆ ಮನಸ್ಸಾಗಲಿಲ್ಲ, ಖಾಲಿ ಬಿಟ್ಟೆ.

ನಾಯಿ ಬಂದ ಮೊದಲ ಮಧ್ಯಾಹ್ನವೇ ಅದನ್ನು ನೋಡಿದೆ. ನನ್ನ ಹೊಲಿಗೆ ಮಿಷನ್ನಿಗೆ ಹಾಯ್ದುಕೊಂಡಿತು, ಬಾಗಿಲಿಗೆ ಹಾಯ್ದುಕೊಂಡಿತು. ಅಡುಗೆಮನೆಗೆ ಬರುವಾಗ ಮಾತ್ರ, ನೆಲ ಬರಿದಾಗಿರುವ ಆ ಎಡಗಡೆಯಲ್ಲಿ, ತಟ್ಟನೆ ನಿಂತು ಪಕ್ಕಕ್ಕೆ ಸರಿಯಿತು. ಒಂದು ಮಂಚದಷ್ಟು ಜಾಗವನ್ನು ಬಳಸಿಕೊಂಡು ಬಂತು. ಹಳೆಯ ವಾಸನೆ ಇರಬಹುದು ಅಂದುಕೊಂಡೆ. ಹೊಸ ಟೈಲ್ಸಿನ ಮೇಲೆ ಎಲ್ಲಿಯ ವಾಸನೆ ಅತ್ತೆ? ದಿನವೂ ಅದೇ ದಾರಿ. ನೀವು ತಲೆ ಇಡುತ್ತಿದ್ದ ಕಡೆ ಬಂದಾಗ ಮುಖ ಎತ್ತಿ, ಮೆಲ್ಲಗೆ ಬಾಲ ಆಡಿಸುತ್ತಿತ್ತು.

ನಿಮ್ಮ ಮಗ ಒಂದು ದಿನ ಊಟಕ್ಕೆ ಕುಳಿತವರು ಅದನ್ನು ನೋಡಿದರು. ಕೈ ತಟ್ಟೆಯಲ್ಲೇ ನಿಂತಿತು. ನೀವು ಹೋದಾಗಿನಿಂದ ಮನೆಯಲ್ಲಿ ತಮಿಳು ಬಿಟ್ಟು ಬೇರೆ ಮಾತಾಡದ ಮನುಷ್ಯ ಅವತ್ತು ಕನ್ನಡದಲ್ಲಿ ಅಂದರು, "ಈ ನಾಯಿ ಬ್ಯಾಡ. ಅವ್ವನ್ ವರ್ಸದ ಪೂಜೆಯೊಳ್ಗೆ ಆಚೆ ಓಗ್ಬೇಕು. ಅವ್ವ ನಾಯೀನ ಒಸ್ಲು ದಾಟಕ್ಕೆ ಬುಟ್ಟಿತ್ತಾ?" ಕಾರಣ ಹೊಸ್ತಿಲಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೇರೆ ಮನೆ ಸಿಗದಿದ್ದರೆ ಕಣ್ಣಿಲ್ಲದ ಪ್ರಾಣಿ ಮತ್ತೆ ರಸ್ತೆಗೆ. ಲಾರಿ ಓಡಾಡುವ ರಸ್ತೆ. ಎಷ್ಟು ದಿನ ಬದುಕೀತು?

ಫೋಟೊ ಹಾಕಿ, ಎರಡು ಸಾಲು ಬರೆದು ಫೋನಿನ ಗುಂಪುಗಳಿಗೆಲ್ಲ ಕಳಿಸಿದೆ. ಸೇಲಂನಿಂದ ಗಂಡಹೆಂಡತಿ ಬಂದರು, ಒಳ್ಳೆಯವರೇ. "ವಾಡಾ, ವಾಡಾ ಕಣ್ಣಾ" ಎಂದು ಕರೆದರು. ನಾಯಿ ಕಿವಿ ಕೂಡ ಅಲುಗಿಸಲಿಲ್ಲ. "ಕಾದೂ ಕೇಕ್ಕಾದು ಪೋಲ" ಎಂದಳು ಆಕೆ, ಕಿವಿಯೂ ಮಂದವಿರಬೇಕು ಅಂತ. ಎರಡೂ ಇಲ್ಲದ ನಾಯಿ ತಮ್ಮಿಂದಾಗದು ಎಂದು ಹೊರಟರು. ಆಮೇಲೆ ಬಂದವರೂ ಅಷ್ಟೇ. ಬೇಜಾರಾಗಿ ಮೂಲೆಯಲ್ಲಿ ಕುಳಿತು "ಬಾರ್ಲಾ ಇಲ್ಲಿ, ನಿನ್ನ ಯಾರೂ ಬ್ಯಾಡ ಅಂತಾರಲ್ಲಾ" ಅಂದೆ. ಅಷ್ಟೇ, ಓಡಿ ಬಂದು ಮಡಿಲಲ್ಲಿ ಮೂತಿ ಇಟ್ಟಿತು. ಕಿವುಡೂ ಅಲ್ಲ, ಮಣ್ಣೂ ಅಲ್ಲ! ಕನ್ನಡದ ಕುರಿಯವರ ನಾಯಿ, ಅದಕ್ಕೆ ನಮ್ಮ ಮಾತು ಬಿಟ್ಟು ಬೇರೆ ಗೊತ್ತಿಲ್ಲ. ನಿಮ್ಮ ಹಾಗೇ. ನಗು ಬಂತು, ಅಳುವೂ ಬಂತು. ನಾನೂ ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ಕನ್ನಡ ಆಡಿದ್ದೆ.

ಈ ಸಲ ಬರೆಯಲಿಲ್ಲ, ಕನ್ನಡದಲ್ಲೇ ಮಾತಾಡಿ ಆ ದನಿಯನ್ನೇ ಕಳಿಸಿದೆ. ಅದು ಯಾರ ಯಾರ ಫೋನು ಸುತ್ತಿತೋ, ಪಾಲಮಲೆಯಿಂದ ಮಾದಮ್ಮ ಎಂಬುವಳು ಬಂದಳು. ಆಡು ಸಾಕಿಕೊಂಡು, ಬೆಟ್ಟದಲ್ಲಿ ರಾಗಿ ಬೆಳೆಯುವವಳು. "ಬಾ ನನ್ನಪ್ಪ" ಎಂದ ಕೂಡಲೇ ನಾಯಿ ಎದ್ದು ಹೊರಟಿತು. ಹೊರಡುವ ಮೊದಲು ಎಡಗಡೆ ಹೋಗಿ ಸ್ವಲ್ಪ ಹೊತ್ತು ನಿಂತಿತ್ತು. ಹೊಸ್ತಿಲ ಹತ್ತಿರ ಬಂದು ಮತ್ತೆ ನಿಂತಿತು. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಿತು. ಯಾರೋ ನಿಧಾನವಾಗಿ ಮೊದಲು ದಾಟಬೇಕಿತ್ತು ಅನ್ನುವ ಹಾಗೆ. ಆಮೇಲೆ ತಾನು ದಾಟಿತು. ಮಾದಮ್ಮ ಗಮನಿಸಲಿಲ್ಲ. ನಿಮ್ಮ ಮಗ ಮುಖ ತಿರುಗಿಸಿಕೊಂಡರು.

ನಿನ್ನೆ ನಿಮ್ಮ ವರ್ಷದ ಪೂಜೆ. ನಿಮಗಿಷ್ಟವಾದ ಅವರೆಕಾಳಿನ ಸಾರು ಮಾಡಿ ಎಡೆ ಇಟ್ಟೆವು. ಎಡೆ ತೆಗೆದ ಮೇಲೆ ಮಾದಮ್ಮನ ಫೋನು. "ನಾಯಿ ಚೆನ್ನಾಗೈತೆ ಕಣಕ್ಕ, ಆಡ್ಗಳ್ ಜತೆ ಒಂದ್ಕೊಂಡೈತೆ. ಆದ್ರೆ ಒಂದ್ ಇಸ್ಯ... ನಮ್ ನಡುಮನೇಲಿ ಎಡ್ಗಡೆ ಏನೋ ಇದ್ದಂಗೆ ಸುತ್ತಾಕ್ಕೊಂಡ್ ಓಯ್ತೈತೆ. ಅಲ್ಲೇನೂ ಇಲ್ಲ ಕಣಕ್ಕ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. "ಎದ್ರಬ್ಯಾಡ ಮಾದಮ್ಮ. ಯಾರ್ಲಾ ಅದು ಅಂತ ಯಾರಾನ ಕೇಳುದ್ರೆ..."

"ಆಗ್ಲೇ ಕೇಳಾಯ್ತಲ್ಲಕ್ಕ," ಎಂದಳು. "ಮೊನ್ನೆ ನೀರ್ ತಕ್ಕೊಂಡ್ ಒಳ್ಗೆ ಬಂದೆ, ಕೇಳುದ್ರು. ಪಕ್ಕದ್ಮನೆ ಅಜ್ಜಿ ಅಂದ್ಕೊಂಡು ನಾನೇ ಅವ್ವ, ಮಾದಿ ಅಂದೆ. ತಿರುಗ್ ನೋಡುದ್ರೆ ನಾಯಿ ಒಂದೇ, ಬಾಲ ಆಡುಸ್ತಾ ನಿಂತೈತೆ."

ಬೆಟ್ಟ ಸೇರಿದಿರಲ್ಲ ಅತ್ತೆ. ಜೀಪಿನಲ್ಲಿ ಸೊಂಟ ನೋಯಲಿಲ್ಲ ತಾನೇ? ಅಲ್ಲಿ ಎಲ್ಲರಿಗೂ ನಿಮ್ಮ ಮಾತು ಬರುತ್ತದೆ, ನಾಯಿಗೂ. ಮಾದಮ್ಮ ಒಳ್ಳೆಯವಳು, ಪದೇ ಪದೇ ಕೇಳಿ ಅವಳನ್ನು ಹೆದರಿಸಬೇಡಿ. ನಿಮ್ಮ ಮಗನಿಗೆ ನಾನಿನ್ನೂ ಹೇಳಿಲ್ಲ. ಫೋನು ಇಟ್ಟು, ವರ್ಷದಲ್ಲಿ ಮೊದಲ ಸಲ ನಿಮ್ಮ ಮಂಚದ ಜಾಗದ ಮೇಲೇ ನೇರವಾಗಿ ನಡೆದು ಅಡುಗೆಮನೆಗೆ ಹೋದೆ. ಯಾರೂ ಏನೂ ಕೇಳಲಿಲ್ಲ.

"ನಾನೇ ಅತ್ತೆ" ಅಂದೆ, ಸುಮ್ಮನೆ.

ನಿಮ್ಮ ಸೊಸೆ